ಮಗಳಿಗೆ ಅಪರೂಪದ ಹೆಸರು: ಯಾವ ಬಗೆಯದು ಚೆಂದ, ಯಾವುದು ಬಾಳಿಕೆ ಬರುತ್ತದೆ?

ಪ್ರತಿ ವರ್ಷ ಶಾಲೆ ಶುರುವಾದ ಮೊದಲ ವಾರ ನನ್ನ ಕೈಗೆ ಹೊಸ ಹಾಜರಿ ಪುಸ್ತಕ ಬರುತ್ತದೆ. ಒಂದನೇ ತರಗತಿಗೆ ಪಾಠ ಮಾಡಲು ಶುರು ಮಾಡಿ 17 ವರ್ಷ ಆಯಿತು. ಮೊದಮೊದಲು ಹೆಸರು ಕರೆಯುವಾಗ ನಾಲಿಗೆ ಎಲ್ಲೂ ತಡವರಿಸುತ್ತಿರಲಿಲ್ಲ. ಪೂಜಾ, ಕಾವ್ಯ, ಸಹನಾ, ರಮ್ಯಾ, ಐಶ್ವರ್ಯ. ಈಗ ಮೊದಲ ದಿನ ಪ್ರತಿ ಮಗುವನ್ನೂ ಹತ್ತಿರ ಕರೆದು, "ನಿನ್ನ ಹೆಸರನ್ನ ನೀನೇ ಒಂದು ಸಲ ಹೇಳು ಪುಟ್ಟಾ" ಅಂತ ಕೇಳಿ, ಅದು ಹೇಳಿದ ಹಾಗೇ ಪೆನ್ಸಿಲ್‌ನಲ್ಲಿ ಪಕ್ಕಕ್ಕೆ ಬರೆದುಕೊಳ್ಳುತ್ತೇನೆ. ಹೆಸರು ತಪ್ಪಾಗಿ ಕರೆದರೆ ಮಗುವಿನ ಮುಖ ಹೇಗಾಗುತ್ತದೆ ಅಂತ ನೋಡಿದವರಿಗೆ ಗೊತ್ತು.

ಹೋದ ವರ್ಷ ನನ್ನ ತಮ್ಮನಿಗೆ ಎರಡನೇ ಮಗು ಹುಟ್ಟಿತು, ಹೆಣ್ಣು. "ಅಕ್ಕ, ನೀನು ದಿನಾ ಇದನ್ನೇ ನೋಡ್ತೀಯಲ್ವಾ, ಒಂದು ಒಳ್ಳೇ ಹೆಸರು ಹೇಳು. ಮಾಡರ್ನ್ ಆಗಿರಬೇಕು, ಜಾಸ್ತಿ ಜನ ಇಟ್ಟಿರಬಾರದು" ಅಂದ. ಅವನೂ ಅವನ ಹೆಂಡತಿಯೂ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ 23 ಹೆಸರು ಬರೆದಿಟ್ಟಿದ್ದರು. ಆ ಹಾಳೆಯನ್ನು ಮುಂದೆ ಇಟ್ಟುಕೊಂಡು ಒಂದೊಂದೇ ಹೆಸರನ್ನು ತೂಗಿ ನೋಡಿದ ಮೂರು ವಾರದಲ್ಲಿ ನನಗೆ ತಿಳಿದದ್ದನ್ನು, ಹಾಜರಿ ಪುಸ್ತಕ ಇಷ್ಟು ವರ್ಷದಲ್ಲಿ ಕಲಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಅಪರೂಪದ ಹೆಸರು ಬೇಕು ಅಂತ ಹೊಸದಾಗಿ ಒಂದು ಸದ್ದನ್ನು ಹುಟ್ಟಿಸಬೇಕಾಗಿಲ್ಲ. ನಮ್ಮ ಭಾಷೆಯಲ್ಲೇ ಯಾರೂ ಮುಟ್ಟದೆ ಉಳಿದ ಹೆಸರುಗಳು ಎಷ್ಟೋ ಇವೆ. ಅರ್ಥ ಗೊತ್ತಿರುವ, ಕೇಳಿದವರು ಸರಿಯಾಗಿ ಬರೆಯಬಲ್ಲ ಒಂದು ಹೆಸರು ಅಲ್ಲಿ ಖಂಡಿತ ಸಿಗುತ್ತದೆ.

ಈಗ ಎಲ್ಲೆಲ್ಲೂ ಕೇಳುವ ಪುಟ್ಟ ಹೆಸರುಗಳು

ಆದ್ಯ, ಅನ್ವಿ, ಶಾನ್ವಿ, ಕಿಯಾರಾ, ಮೈರಾ, ಅನಾಯಾ. ತಮ್ಮನ ಹಾಳೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಇವೇ ಇದ್ದವು. ಇವು ಜನರಿಗೆ ಹಿಡಿಸುವುದಕ್ಕೆ ಕಾರಣ ಇದೆ. ಎರಡು ಮೂರು ಅಕ್ಷರ, ಬಾಯಲ್ಲಿ ಹಗುರ, ಮುದ್ದಾಗಿ ಕೇಳಿಸುತ್ತವೆ. ಬೇರೆ ರಾಜ್ಯದವರಿಗೂ ಹೇಳಲು ಕಷ್ಟವಿಲ್ಲ.

ತೊಂದರೆ ಎರಡು. ಒಂದು, ಇವು ಅಪರೂಪವೇ ಅಲ್ಲ. ಒಂದು ವರ್ಷ ನನ್ನ ತರಗತಿಯಲ್ಲಿ ಮೂವರು ಆದ್ಯ ಇದ್ದರು. ಒಬ್ಬಳು 'ಆದ್ಯ', ಒಬ್ಬಳು 'ಆಧ್ಯ', ಇನ್ನೊಬ್ಬಳು 'ಆದ್ಯಾ'. 'ಆದಿ'ಯಿಂದ ಬಂದ ಪದ, ಮೊದಲನೆಯವಳು ಅಂತ ಅರ್ಥ, ದೇವಿಗೂ ಆ ಹೆಸರಿದೆ. ಹಾಗಾಗಿ ಅಲ್ಪಪ್ರಾಣದ ದ-ಕಾರವೇ ಸರಿ. ಆದರೆ ಇಂಗ್ಲಿಷಿನಲ್ಲಿ ಡಿ ಪಕ್ಕ ಒಂದು ಎಚ್ ಹಾಕುವ ರೂಢಿ ಬಂದು, ಅದನ್ನು ನೋಡಿಕೊಂಡು ಕನ್ನಡದಲ್ಲೂ ಹೊಟ್ಟೆ ಸೀಳಿಬಿಟ್ಟಿದ್ದಾರೆ. 'ಆಧ್ಯ' ಅಂತ ಬರೆದಾಗ ಅದು ಆದಿಯಿಂದ ದೂರ ಹೋಗುತ್ತದೆ. ಆ ಮೂವರನ್ನೂ ನಾವು ವರ್ಷವಿಡೀ ಇನಿಷಿಯಲ್ ಸೇರಿಸಿಯೇ ಕರೆದೆವು. ಯಾರೂ ಇಡದ ಹೆಸರು ಅಂತ ಮೂರು ಮನೆಯವರೂ ಹುಡುಕಿ ಇಟ್ಟ ಹೆಸರದು.

ಇನ್ನೊಂದು, ಅರ್ಥ. ಹೆಸರಿನ ಪಟ್ಟಿಗಳಲ್ಲಿ ಪ್ರತಿಯೊಂದರ ಮುಂದೆಯೂ 'ಲಕ್ಷ್ಮಿ', 'ದುರ್ಗೆ', 'ದೇವರ ಕೊಡುಗೆ' ಅಂತ ಬರೆದಿರುತ್ತದೆ. ನಿಘಂಟು ತೆಗೆದರೆ ಅಲ್ಲಿ ಬೇರೆಯೇ ಇರುತ್ತದೆ. 'ಅನಯ' ಅಂದರೆ ಸಂಸ್ಕೃತದಲ್ಲಿ ನಯ ಇಲ್ಲದ್ದು, ಕೆಟ್ಟ ನಡತೆ. ಅರಬಿಯಲ್ಲಿ 'ಇನಾಯಾ' ಅಂದರೆ ಕಾಳಜಿ, ಒಳ್ಳೆಯ ಅರ್ಥವೇ. ಎರಡೂ ಪದ ಪಟ್ಟಿಗಳಲ್ಲಿ ಕಲಸಿಹೋಗಿವೆ. 'ತೃಷಾ' ಅಂದರೆ ಬಾಯಾರಿಕೆ. 'ಮೃಷಾ' ಅಂದರೆ ಸುಳ್ಳು! ಇದನ್ನೂ ಹುಡುಗಿಯರ ಹೆಸರಿನ ಪಟ್ಟಿಯಲ್ಲಿ ಕಣ್ಣಾರೆ ನೋಡಿದ್ದೇನೆ. 'ಕಿಯಾರಾ'ದ ಕಥೆ ಇನ್ನೂ ಚೆನ್ನಾಗಿದೆ. ಇಟಲಿಯ ಭಾಷೆಯಲ್ಲಿ ಇದಕ್ಕೆ ಹತ್ತಿರದ ಹೆಸರಿಗೆ ತಿಳಿ, ಬೆಳಕು ಎಂಬ ಅರ್ಥ. ಐರ್ಲೆಂಡಿನ ಭಾಷೆಯಲ್ಲಿ ಇದೇ ತರಹದ ಹೆಸರಿಗೆ ಕಪ್ಪನೆಯದು ಎಂಬ ಅರ್ಥ. ಎರಡೂ ಚೆಂದದ ಹೆಸರುಗಳೇ. ಆದರೆ ಮಗಳು ದೊಡ್ಡವಳಾಗಿ "ನನ್ನ ಹೆಸರಿನ ಅರ್ಥ ಏನಮ್ಮಾ?" ಅಂತ ಕೇಳಿದಾಗ ಯಾವುದನ್ನು ಹೇಳುತ್ತೀರಿ ಅಂತ ಮೊದಲೇ ಯೋಚಿಸಿಕೊಳ್ಳಿ.

ಈ ಬಗೆಯ ಹೆಸರೇ ಬೇಕು ಅಂತಿದ್ದರೆ ಇಡಬಾರದು ಅಂತ ನಾನು ಹೇಳುವುದಿಲ್ಲ. ಒಂದು ಒಳ್ಳೆಯ ನಿಘಂಟಿನಲ್ಲಿ ಆ ಪದ ಇದೆಯೇ ಅಂತ ನೋಡಿ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಇದೆ, ಸಂಸ್ಕೃತಕ್ಕೆ ಮೋನಿಯರ್ ವಿಲಿಯಮ್ಸ್ ಇದೆ. ಎರಡರಲ್ಲೂ ಇಲ್ಲದ ಪದಕ್ಕೆ ಪಟ್ಟಿ ಕೊಡುವ ಅರ್ಥವನ್ನು ನಂಬಬೇಡಿ.

ವೇದ ಪುರಾಣದ ಕಡೆಯಿಂದ

ಗಾರ್ಗಿ, ಮೈತ್ರೇಯಿ, ಲೋಪಾಮುದ್ರಾ, ಅಪಾಲಾ, ಅದಿತಿ, ಇಳಾ. ಗಾರ್ಗಿಯೂ ಮೈತ್ರೇಯಿಯೂ ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯನ ಎದುರು ಕೂತು ಪ್ರಶ್ನೆ ಕೇಳಿದ ಹೆಂಗಸರು. ಹೆಸರಿನ ಹಿಂದೆ ಇಂಥ ಒಬ್ಬ ವ್ಯಕ್ತಿ ಇದ್ದರೆ ಮಗುವಿಗೆ ಹೇಳಲು ಒಂದು ಕಥೆ ಸಿಗುತ್ತದೆ. ಗಾರ್ಗಿ ಎಂಬ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಏನಾದರೂ ಪ್ರಶ್ನೆ ಕೇಳುವ ಮುಂಚೆ ಎದ್ದು ನಿಂತು "ನಾನು ಗಾರ್ಗಿ, ಕೇಳಲೇಬೇಕು ಮಿಸ್" ಅನ್ನುತ್ತಿದ್ದಳು. ಮನೆಯಲ್ಲಿ ಯಾರೋ ಆ ಕಥೆಯನ್ನು ಚೆನ್ನಾಗಿ ಹೇಳಿಕೊಟ್ಟಿದ್ದರು.

ಇಲ್ಲಿ ಎಚ್ಚರ ಬೇಕಾಗಿರುವುದು ಉಚ್ಚಾರದಲ್ಲಿ. ನಾವು ಮಾತಾಡುವಾಗ ಮಹಾಪ್ರಾಣವನ್ನು ಅಷ್ಟಾಗಿ ಒತ್ತಿ ಹೇಳುವುದಿಲ್ಲ. 'ಧೃತಿ' ಅಂದರೆ ಧೈರ್ಯ, ಎಷ್ಟು ಒಳ್ಳೆಯ ಹೆಸರು! ಅದನ್ನೇ 'ದೃತಿ' ಅಂತ ಬರೆದರೆ ಚರ್ಮದ ಚೀಲ ಅಂತ ಅರ್ಥ. 'ಭಾನು' ಸೂರ್ಯ, 'ಬಾನು' ಆಕಾಶ. 'ಅವನಿ' ಭೂಮಿ, 'ಆವನಿ' ಕೋಲಾರ ಜಿಲ್ಲೆಯ ಒಂದು ಊರು. ಋ ಇರುವ ಹೆಸರಿನದು ಇನ್ನೊಂದು ಕಥೆ. ಕೃತಿ, ಸೃಷ್ಟಿ, ಮೃದುಲಾ ಇವನ್ನು ನಾವು 'ರು' ಕಡೆಗೆ ಎಳೆದು ಹೇಳುತ್ತೇವೆ, ಹಿಂದಿಯವರು 'ರಿ' ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವಾಗ ಯು ಹಾಕಬೇಕೋ ಐ ಹಾಕಬೇಕೋ ಅಂತ ಮನೆಯವರೆಲ್ಲ ಮೊದಲೇ ಒಂದು ತೀರ್ಮಾನ ಮಾಡಿ, ಕೊನೆಯವರೆಗೂ ಅದನ್ನೇ ಉಳಿಸಿಕೊಳ್ಳಬೇಕು.

ಅಚ್ಚ ಕನ್ನಡದ ಪದಗಳು

ನನ್ನ ಮನಸ್ಸು ಇರುವುದು ಇಲ್ಲಿ. ಇಂಚರ, ಇಬ್ಬನಿ, ಸಿರಿ, ಮಿಂಚು, ಒಲವು, ನಲ್ಮೆ, ಮುಗುಳು, ಹೊಂಗಿರಣ, ಸಂಪಿಗೆ, ತುಂಬೆ, ಇಳೆ, ಹನಿ. ಇವು ನಾವು ದಿನಾ ಆಡುವ, ಇಲ್ಲವೇ ಹಾಡಿನಲ್ಲಿ ಕೇಳುವ ಪದಗಳು. ಅರ್ಥ ಹುಡುಕಬೇಕಿಲ್ಲ, ಮಗುವಿಗೆ ಮಾತು ಬಂದಾಗಲೇ ಹೆಸರಿನ ಅರ್ಥವೂ ಬಂದಿರುತ್ತದೆ. ಮಹಾಪ್ರಾಣ ಕಮ್ಮಿ, ಒತ್ತಕ್ಷರದ ತೊಡಕು ಕಮ್ಮಿ. ಒಂದನೇ ತರಗತಿಯ ಮಗು ತನ್ನ ಹೆಸರನ್ನು ತಾನೇ ಬರೆಯಲು 'ಇಂಚರ' ಎಷ್ಟು ಸಲೀಸು ಅಂತ ನಾನು ನೋಡಿದ್ದೇನೆ. 'ಶ್ರೇಷ್ಠಾ' ಎಂಬ ಮಗು ಆ ಠ-ಒತ್ತಿನಲ್ಲಿ ಅಕ್ಟೋಬರ್‌ವರೆಗೂ ಸಿಕ್ಕಿಕೊಂಡಿರುತ್ತದೆ.

ಒಬ್ಬಳು ಇಬ್ಬನಿ ಇದ್ದಳು. ಎಲ್ಲ ಮಕ್ಕಳೂ ಪುಸ್ತಕದ ಲೇಬಲ್ ಮೇಲೆ ಹೆಸರು ಬರೆದರೆ ಅವಳು ಹೆಸರಿನ ಪಕ್ಕ ಒಂದು ಎಲೆ, ಎಲೆಯ ತುದಿಯಲ್ಲಿ ಒಂದು ಹನಿ ಬರೆಯುತ್ತಿದ್ದಳು. ಹನಿಗೆ ಮಾತ್ರ ಬಣ್ಣ ತುಂಬುತ್ತಿರಲಿಲ್ಲ. "ಯಾಕೆ?" ಅಂದರೆ "ಅದು ನೀರಲ್ವಾ ಮಿಸ್" ಅಂದಳು. ತನ್ನ ಹೆಸರನ್ನು ಕಣ್ಣಿನಲ್ಲಿ ನೋಡಬಲ್ಲ ಮಗು ಅದು.

ಆದರೂ ಈ ಬಗೆಯಲ್ಲಿ ಎಲ್ಲ ಪದವೂ ಹೆಸರಾಗಿ ನಿಲ್ಲುವುದಿಲ್ಲ. ವಿಭಕ್ತಿ ಹಚ್ಚಿ ನೋಡಿ, ಆಗ ಗೊತ್ತಾಗುತ್ತದೆ. 'ಇಬ್ಬನಿಗೆ ಕೊಡು', 'ಇಬ್ಬನಿಯ ಪುಸ್ತಕ', ಏನೂ ತೊಡಕಿಲ್ಲ. 'ಮಿಂಚು' ತಗೊಳ್ಳಿ. 'ಮಿಂಚಿಗೆ ಕೊಡು' ಅಂದರೆ ಆಕಾಶದ ಮಿಂಚು, 'ಮಿಂಚುಗೆ ಕೊಡು' ಅಂದರೆ ಹುಡುಗಿ. ಮನೆಯವರು ಅಭ್ಯಾಸ ಮಾಡಿಕೊಳ್ಳುತ್ತಾರೆ, ಹೊರಗಿನವರು ಪ್ರತಿ ಸಲ ಒಂದು ಕ್ಷಣ ನಿಲ್ಲುತ್ತಾರೆ. ಇಕಾರದಲ್ಲಿ, ಎಕಾರದಲ್ಲಿ ಮುಗಿಯುವ ಪದಗಳು ಹೆಸರಾಗಲು ಸಲೀಸು: ಸಿರಿ, ಇಬ್ಬನಿ, ಇಳೆ, ನಲ್ಮೆ, ಸಂಪಿಗೆ. ಉಕಾರದಲ್ಲಿ ಮುಗಿಯುವವು ಸ್ವಲ್ಪ ಕಷ್ಟ. ಇದು ವ್ಯಾಕರಣದ ವಿಷಯ ಅಂತ ಅನ್ನಿಸಬಹುದು. ಆದರೆ ಹೆಸರನ್ನು ಬರಿದಾಗಿ ಎಷ್ಟು ಸಲ ಹೇಳುತ್ತೇವೆ? ಅದಕ್ಕೆ 'ಗೆ', 'ಯ', 'ಇಂದ' ಸೇರಿಸಿ ಹೇಳುವುದೇ ಜಾಸ್ತಿ.

ಇನ್ನೊಂದು ಮಾತು ಸಿರಿಯ ಬಗ್ಗೆ. ಸಂಪತ್ತು, ಚೆಲುವು ಎರಡೂ ಅರ್ಥ ಇರುವ ಎರಡಕ್ಷರದ ಹೆಸರು. ತುಳುನಾಡಿನಲ್ಲಿ ಸಿರಿ ಅಂದರೆ ಒಂದು ದೊಡ್ಡ ಪಾಡ್ದನದ, ಅಂದರೆ ಬಾಯಿಂದ ಬಾಯಿಗೆ ಬಂದ ಹಾಡುಕಥೆಯ ನಾಯಕಿ, ಹೆಣ್ಣುಮಕ್ಕಳು ಇಂದಿಗೂ ನೆನೆಯುವವಳು. ಇಷ್ಟೆಲ್ಲ ಇದ್ದೂ 2011ರಲ್ಲಿ ಆ್ಯಪಲ್ ಫೋನಿನೊಳಗಿನ ಧ್ವನಿಗೆ ಇದೇ ಹೆಸರು ಬಂತು. ಮನೆಯಲ್ಲಿ ಆ ಫೋನ್ ಇದ್ದರೆ ಮಗಳನ್ನು ಕೂಗಿದಾಗ ಅದೂ ಓಗೊಡಬಹುದು. ನಂದಿನಿ ಅಂದಾಗ ಹಾಲಿನ ಪ್ಯಾಕೆಟ್ ನೆನಪಾಗುವ ಹಾಗೆ. ನನ್ನ ಮಟ್ಟಿಗೆ ಇದು ಹೆಸರು ಬಿಡಲು ಕಾರಣ ಆಗುವುದಿಲ್ಲ. ಪಾಡ್ದನ ಫೋನಿಗಿಂತ ಹಳೆಯದು. ಆದರೆ ಗೊತ್ತಿದ್ದೇ ಇಡುವುದು ಒಳ್ಳೆಯದು.

ನದಿ, ರಾಗ, ನಕ್ಷತ್ರ

ತಮ್ಮನ ಹಾಳೆಯಲ್ಲಿ ಇವು ಒಂದೂ ಇರಲಿಲ್ಲ. ನಾನೇ ಸೇರಿಸಿದೆ. ಹಳೆಯದೂ ಹೌದು, ತರಗತಿಯಲ್ಲಿ ಇನ್ನೊಬ್ಬರು ಇರುವ ಸಾಧ್ಯತೆಯೂ ಕಮ್ಮಿ.

ಕಾವೇರಿ, ತುಂಗಾ ಎಲ್ಲರಿಗೂ ಗೊತ್ತು. ಅದರಾಚೆ ಎಷ್ಟಿವೆ ನೋಡಿ. ಧಾರವಾಡದ ಹತ್ತಿರ ಹುಟ್ಟುವ ಶಾಲ್ಮಲಾ. ಸಾಗರದ ಕಡೆಯಿಂದ ಹೊರಟು ತುಂಗಭದ್ರೆ ಸೇರುವ ವರದಾ. ನೈದಿಲೆ ತುಂಬಿದವಳು ಎಂಬ ಅರ್ಥದ ಕುಮುದ್ವತಿ. ನಂದಿ ಬೆಟ್ಟದಲ್ಲಿ ಹುಟ್ಟಿ ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ ಸೇರುವ ಅರ್ಕಾವತಿ. ಕರಾವಳಿಯ ಶಾಂಭವಿ, ಫಲ್ಗುಣಿ, ಸುವರ್ಣಾ. ಕೊಲ್ಲೂರಿನ ಸೌಪರ್ಣಿಕಾ. ಶಿರಸಿಯ ಕಡೆಯಿಂದ ಕುಮಟಾದ ಹತ್ತಿರ ಸಮುದ್ರ ಸೇರುವ ಅಘನಾಶಿನಿ, ಅಂದರೆ ಪಾಪ ಕಳೆಯುವವಳು. ಅರ್ಥ ದೊಡ್ಡದಾದರೂ ಅಘನಾಶಿನಿ ಪುಟ್ಟ ಮಗುವಿಗೆ ಭಾರ ಅನ್ನಿಸಬಹುದು. ವರದಾ, ಶಾಂಭವಿ ಹಗುರ. ನಿಮ್ಮ ಊರಿನ ಪಕ್ಕ ಹರಿಯುವ ಹೊಳೆಯ ಹೆಸರು ಏನು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಮಗಳನ್ನು ಕರೆದುಕೊಂಡು ಹೋಗಿ "ನೋಡು, ಇದು ನಿನ್ನ ಹೆಸರು" ಅಂತ ನೀರನ್ನು ತೋರಿಸಬಹುದಲ್ವಾ!

ರಾಗಗಳ ಹೆಸರಿನಲ್ಲಿ ಒಂದು ವಿಶೇಷ ಇದೆ. ಎಷ್ಟೋ ರಾಗಗಳಿಗೆ ಹೆಣ್ಣಿನ ಹೆಸರೇ ಇದೆ. ಕಲ್ಯಾಣಿ, ರಂಜನಿ, ಭೈರವಿ ಆಗಲೇ ಬಳಕೆಯಲ್ಲಿವೆ. ಕೀರವಾಣಿ, ಲತಾಂಗಿ, ಸಾವೇರಿ, ಆಭೇರಿ, ಹಂಸಧ್ವನಿ, ಅಮೃತವರ್ಷಿಣಿ, ನೀಲಾಂಬರಿ ಹುಡುಗಿಯರ ಹೆಸರಾಗಿ ಕೇಳಸಿಗುವುದು ತೀರಾ ಕಮ್ಮಿ. ನೀಲಾಂಬರಿ ಅಂದರೆ ನೀಲಿ ಬಟ್ಟೆ ಉಟ್ಟವಳು. ಕರ್ನಾಟಕ ಸಂಗೀತದಲ್ಲಿ ಜೋಗುಳಕ್ಕೆ ಹೆಸರಾದ ರಾಗ ಅದು. ಸಂಗೀತ ಗೊತ್ತಿಲ್ಲದ ಮನೆಗೂ ಈ ಹೆಸರು ಒಪ್ಪುತ್ತದೆ. ಮಗಳು ಒಂದು ದಿನ ಆ ರಾಗ ಕೇಳಿ "ಇದು ನಾನು" ಅಂದುಕೊಂಡರೆ ಸಾಕು.

ನಕ್ಷತ್ರಗಳಲ್ಲಿ ರೋಹಿಣಿ, ರೇವತಿ, ಅನುರಾಧಾ ನಮ್ಮ ಅಮ್ಮಂದಿರ ಕಾಲದಲ್ಲೇ ಬಂದವು. ಉಳಿದದ್ದು ಕೃತ್ತಿಕಾ, ಆರ್ದ್ರಾ, ವಿಶಾಖಾ, ಮತ್ತೆ ಸಪ್ತರ್ಷಿಗಳ ಸಾಲಿನಲ್ಲಿ ವಸಿಷ್ಠನ ಪಕ್ಕ ಮಿಣುಕುವ ಅರುಂಧತಿ. ವಿಜ್ಞಾನ ಇಷ್ಟಪಡುವ ಅಪ್ಪ ಅಮ್ಮಂದಿರಿಗೆ ನೀಹಾರಿಕಾ ಇದೆ. ಮೂಲದಲ್ಲಿ ಮಂಜು, ಈಗಿನ ಖಗೋಳದಲ್ಲಿ ನಕ್ಷತ್ರಗಳು ಹುಟ್ಟುವ ಮೋಡ. ಮೊದಲಕ್ಷರ 'ನೀ' ದೀರ್ಘ ಅನ್ನುವುದು ನೆನಪಿರಲಿ.

ಅಜ್ಜಿಯರ ಹೆಸರು, ನಾಡಿನ ಅಜ್ಜಿಯರ ಹೆಸರು

ಮುತ್ತಜ್ಜಿಯ ಹೆಸರನ್ನು ಮತ್ತೆ ತರುವುದೂ ಇವತ್ತು ಹೊಸತೇ. ಗಿರಿಜಾ, ಶಾರದೆ, ಸುಶೀಲಾ, ವನಜಾಕ್ಷಿ, ಮುಕ್ತಾ ಎಂಬ ಆರು ವರ್ಷದ ಮಗುವನ್ನು ನೀವು ಈಚೆಗೆ ನೋಡಿದ್ದೀರಾ? ಇವು ಒಂದು ತಲೆಮಾರು ಮರೆಯಾಗಿದ್ದು ಈಗ ಮತ್ತೆ ಎಳೆಯದಾಗಿ ಕೇಳಿಸುತ್ತವೆ.

ಕನ್ನಡ ನಾಡಿನ ಹಳೆಯ ಹೆಣ್ಣುಮಕ್ಕಳ ಹೆಸರುಗಳಿಗೆ ಒಂದು ತೊಡಕಿದೆ. ಅವುಗಳ ಕೊನೆಗೆ ಅಬ್ಬೆ, ಅಕ್ಕ, ಅಮ್ಮ, ಅವ್ವ ಇರುತ್ತದೆ. ಪೊನ್ನನ ಶಾಂತಿಪುರಾಣದ 1,000 ಪ್ರತಿ ಬರೆಸಿ ಹಂಚಿದ ಅತ್ತಿಮಬ್ಬೆ, ಪೋರ್ಚುಗೀಸರ ಎದುರು ನಿಂತ ಉಳ್ಳಾಲದ ಅಬ್ಬಕ್ಕ, 'ಹದಿಬದೆಯ ಧರ್ಮ' ಬರೆದ ಸಂಚಿ ಹೊನ್ನಮ್ಮ, ವಚನಕಾರ್ತಿ ಮುಕ್ತಾಯಕ್ಕ. ಇಡೀ ಹೆಸರನ್ನು ಈಗಿನ ಮಗುವಿಗೆ ಇಡಲು ಹಿಂಜರಿಕೆ ಆಗುವುದು ಸಹಜ. ಆದರೆ ಬೇರು ತೆಗೆದುಕೊಳ್ಳಬಹುದು: ಮುಕ್ತಾ, ನೀಲಾ, ಹೊನ್ನಿ, ಚೆನ್ನಿ. ಶಾಂತಲಾ ಎಂಬುದಕ್ಕೆ ಏನೂ ಕತ್ತರಿಸಬೇಕಿಲ್ಲ. 1117ರಲ್ಲಿ ಬೇಲೂರಿನ ಗುಡಿ ಕಟ್ಟಿಸಿದ ವಿಷ್ಣುವರ್ಧನನ ರಾಣಿ, ನಾಟ್ಯದಲ್ಲಿ ಹೆಸರಾದವಳು.

ಇಲ್ಲಿ ಒಂದೇ ಒಂದು ಮಾತು. ಒಂದು ಕಡೆಯ ಅಜ್ಜಿಯ ಹೆಸರಿಟ್ಟರೆ ಇನ್ನೊಂದು ಕಡೆಯ ಅಜ್ಜಿಗೆ ಬೇಜಾರಾಗುತ್ತದೆಯೇ ಅಂತ ಮೊದಲೇ ಕೂತು ಮಾತಾಡಿ.

ಅಪ್ಪ ಅಮ್ಮನ ಹೆಸರು ಬೆಸೆದು

ಅಪ್ಪನ ಎರಡಕ್ಷರ, ಅಮ್ಮನ ಎರಡಕ್ಷರ ಸೇರಿಸಿ ಹೊಸ ಹೆಸರು ಮಾಡುವುದು. ಪ್ರೀತಿಯಿಂದ ಮಾಡುವ ಕೆಲಸ ಅದು. ಆದರೆ ಹತ್ತರಲ್ಲಿ ಒಂಬತ್ತು ಸಲ ಅರ್ಥ ಹುಟ್ಟುವುದಿಲ್ಲ, ಇಲ್ಲವೇ ಬೇಡದ ಅರ್ಥ ಹುಟ್ಟುತ್ತದೆ. 'ಮಾನ್ವಿ' ಮುದ್ದಾಗಿದೆ ಅಂತ ಇಟ್ಟವರಿಗೆ, ರಾಯಚೂರು ಜಿಲ್ಲೆಯಲ್ಲಿ ಅದೇ ಹೆಸರಿನ ತಾಲ್ಲೂಕು ಕೇಂದ್ರ ಇದೆ ಅಂತ ಎಷ್ಟು ಜನ ನೆನಪು ಮಾಡಬಹುದು! ಬೆಸೆದ ಹೆಸರನ್ನು ಮನೆಯಲ್ಲಿ ಕರೆಯಲು ಇಟ್ಟುಕೊಳ್ಳಿ, ದಾಖಲೆಗೆ ಬೇರೆ ಇರಲಿ.

ನಾಮಾಕ್ಷರ ನೋಡುವ ಮನೆಯವರಿಗೂ ಇದೇ ದಾರಿ ಒಳ್ಳೆಯದು. ಆರ್ದ್ರಾ ನಕ್ಷತ್ರದ ಮೂರನೇ ಪಾದಕ್ಕೆ ಙ, ಹಸ್ತದ ಮೂರನೇ ಪಾದಕ್ಕೆ ಣ ಬರುತ್ತದೆ. ಆ ಅಕ್ಷರದಿಂದ ಹೆಸರು ಎಲ್ಲಿಂದ ತರುವುದು? ಜನ್ಮನಾಮ ಒಂದು, ಕರೆಯುವ ಹೆಸರು ಒಂದು ಅಂತ ಮಾಡುವುದು ಹಿಂದಿನಿಂದಲೂ ಇದೆ.

ಹೊರದೇಶಕ್ಕೂ ಹೊಂದಬೇಕು ಅಂದರೆ

ತಾರಾ, ಮಾಯಾ, ಮೀರಾ, ಲೀಲಾ. ಎಲ್ಲ ಕಡೆಯೂ ನಾಲಿಗೆಗೆ ಬರುತ್ತವೆ, ನಮ್ಮ ಅರ್ಥವೂ ಉಳಿಯುತ್ತದೆ. ಮಗು ಹೊರಗೆ ಬೆಳೆಯುವುದು ಖಚಿತ ಅಂತಿದ್ದರೆ ಈ ಬಗೆ ಒಳ್ಳೆಯದು. ಇಲ್ಲೇ ಬೆಳೆಯುವ ಮಗುವಿಗೆ, ಎಂದೋ ಒಂದು ದಿನ ಯಾರೋ ಒಬ್ಬರಿಗೆ ಹೇಳಲು ಕಷ್ಟ ಆದೀತು ಅಂತ ಳ, ಣ ಇರುವ ಹೆಸರನ್ನೆಲ್ಲ ಬಿಡಬೇಡಿ. ಇಳಾ ಇಂಗ್ಲಿಷಿನಲ್ಲಿ 'ಇಲಾ' ಆಗುತ್ತದೆ, ನಿಜ. ಆದರೆ ಅವಳ ಅಮ್ಮ ಕರೆಯುವುದು ಕನ್ನಡದಲ್ಲಿ.

ಹೊರದೇಶದ ವಿಚಾರದಲ್ಲಿ ಹೆಸರಿಗಿಂತ ಹೆಚ್ಚು ತೊಂದರೆ ಕೊಡುವುದು ಸರ್‌ನೇಮ್. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇನಿಷಿಯಲ್ ಮಾತ್ರ ಇರುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ ದೇಶ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶ ಇಲ್ಲ ಎಂದು ಹೇಳಿತ್ತು. ಆದ್ದರಿಂದ ಹುಟ್ಟಿದಾಗಲೇ ಅಪ್ಪನ ಹೆಸರೋ ಅಮ್ಮನ ಹೆಸರೋ ಊರಿನ ಹೆಸರೋ, ಪೂರ್ತಿಯಾಗಿ ಎರಡನೇ ಪದ ಇರುವ ಹಾಗೆ ಬರೆಸಿಬಿಡಿ.

ಕೂಗಿ ನೋಡಿ, ಬರೆಸಿ ನೋಡಿ

ಕೊನೆಗೆ ಐದಾರು ಹೆಸರು ಉಳಿದಾಗ ನಾವು ಮಾಡಿದ್ದು ಇಷ್ಟು. ತಮ್ಮ ಬಾಗಿಲಲ್ಲಿ ನಿಂತು, ಬೀದಿಯ ತುದಿಯಲ್ಲಿ ಆಡುತ್ತಿರುವ ಮಗುವನ್ನು ಕರೆಯುವ ಹಾಗೆ ಒಂದೊಂದೇ ಹೆಸರು ಕೂಗಿದ. ಕನ್ನಡದಲ್ಲಿ ಕೂಗುವಾಗ ಕೊನೆಯ ಸ್ವರವನ್ನು ಎಳೆಯುತ್ತೇವೆ. "ಶಾಂಭವೀ...", "ಇಂಚರಾ..." ಹಾಯಾಗಿ ಎಳೆದವು. ಅವನ ಹೆಂಡತಿಯ ಆಸೆಯ 'ಜೋಯ್ಸ್' ಅಲ್ಲೇ ನಿಂತುಬಿಟ್ಟಿತು. ಅವಳೇ ನಕ್ಕು ಅದನ್ನು ಹೊಡೆದುಹಾಕಿದಳು.

ಆಮೇಲೆ ಹೆಸರಿನ ಮುಂದೆ ಬೇರೆ ಬೇರೆ ವಯಸ್ಸು ಹಚ್ಚಿದೆವು. ಶಾಂಭವಿ ಪುಟ್ಟಿ, ಶಾಂಭವಿ ಅಕ್ಕ, ಶಾಂಭವಿ ಮೇಡಂ, ಶಾಂಭವಿ ಅಜ್ಜಿ. ಹೆಸರು ತೊಟ್ಟಿಲಲ್ಲಿ ಇರುವುದು ಒಂದೆರಡು ವರ್ಷ, ಉಳಿದ ಎಪ್ಪತ್ತು ವರ್ಷ ಅದರ ಆಚೆಗೆ. 'ಮುಗುಳು' ಎಷ್ಟು ಮುದ್ದಾಗಿದ್ದರೂ 'ಮುಗುಳು ಮೇಡಂ' ಅನ್ನುವಾಗ ನಮಗೆ ಸ್ವಲ್ಪ ಅಳುಕಾಯಿತು.

ಮೂರನೆಯದು ನನ್ನ ಕಸುಬಿನಿಂದ ಬಂದದ್ದು. ಬೇರೆ ಬೇರೆ ಕಡೆಯ ಮೂರು ಜನಕ್ಕೆ ಫೋನ್ ಮಾಡಿ, ಹೆಸರನ್ನು ಒಂದೇ ಸಲ ಹೇಳಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಕಳಿಸಲು ಹೇಳಿ. ಮೂವರೂ ಒಂದೇ ತರಹ ಬರೆದರೆ ಆ ಹೆಸರಿಗೆ ಮುಂದೆ ಕಷ್ಟವಿಲ್ಲ. 'ಇಬ್ಬನಿ'ಗೆ ಮೂರೂ ಒಂದೇ ಬಂತು. 'ಕುಮುದ್ವತಿ'ಗೆ ಮೂರು ತರಹ ಬಂತು.

ತರಗತಿಯಲ್ಲಿ ಮಕ್ಕಳು ಹೆಸರಿಗೆ ಪ್ರಾಸ ಕಟ್ಟುತ್ತಾರೆ ಅನ್ನುವುದೂ ನೆನಪಿರಲಿ. ಲಾಸ್ಯಳನ್ನು ಲಸ್ಸಿ ಅಂದದ್ದಕ್ಕೆ ಅವಳು ವಾರವಿಡೀ ಅತ್ತಿದ್ದಾಳೆ. ಯಾವ ಹೆಸರಿಗೂ ಪ್ರಾಸ ಕಟ್ಟಬಹುದು, ಅದನ್ನು ಪೂರ್ತಿ ತಪ್ಪಿಸಲಾಗದು. ಥಟ್ಟನೆ ಬಾಯಿಗೆ ಬರುವ ಒಂದು ಕೆಟ್ಟ ಪ್ರಾಸ ಇಲ್ಲದಿದ್ದರೆ ಸಾಕು.

ಸ್ಪೆಲ್ಲಿಂಗ್ ಮತ್ತು ದಾಖಲೆ

ಅಪರೂಪ ಮಾಡಲು ಹೆಸರಿನ ಬದಲು ಸ್ಪೆಲ್ಲಿಂಗನ್ನು ತಿರುಚುವವರು ತುಂಬ ಜನ. ಒಂದು ಎ ಜಾಸ್ತಿ, ಒಂದು ಎಚ್ ಜಾಸ್ತಿ, ಸಂಖ್ಯಾಶಾಸ್ತ್ರಕ್ಕೆ ಸರಿಹೊಂದಲು ಎರಡು ಎನ್. ದಯವಿಟ್ಟು ಬೇಡ. ನನ್ನ ಹೆಸರಿನ ಕೊನೆಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಎ, ಇನ್ನೊಂದು ದಾಖಲೆಯಲ್ಲಿ ಎರಡು ಎ ಇತ್ತು. ಕೆಲಸಕ್ಕೆ ಸೇರುವಾಗ ಆ ಒಂದು ಅಕ್ಷರಕ್ಕಾಗಿ ಅಫಿಡವಿಟ್ ಮಾಡಿಸಿ, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಒಂದು ಕಚೇರಿಯ ಕಿಟಕಿಯ ಮುಂದೆ ನಾಲ್ಕು ದಿನ ನಿಂತೆ. "ಇದು ನೀವೇ ಅಂತ ಹೇಗೆ ನಂಬೋದು?" ಅಂತ ಕೇಳಿದರು. ನನ್ನ ಹೆಸರಿನ ಬಗ್ಗೆ ನನ್ನನ್ನೇ ಹಾಗೆ ಕೇಳಿದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಈಗಿನ ಮಕ್ಕಳಿಗೆ ಜನನ ಪ್ರಮಾಣಪತ್ರದ ತೂಕ ಇನ್ನೂ ಜಾಸ್ತಿ. ಜನನ ಮರಣ ನೋಂದಣಿ ಕಾಯ್ದೆಗೆ ಮಾಡಿದ, 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆ ದಿನ ಅಥವಾ ಆಮೇಲೆ ಹುಟ್ಟಿದವರಿಗೆ ಶಾಲೆ ಸೇರುವುದು, ಮತದಾರರ ಪಟ್ಟಿ, ಸರ್ಕಾರಿ ನೌಕರಿ ಇವಕ್ಕೆಲ್ಲ ಹುಟ್ಟಿದ ದಿನ ಮತ್ತು ಜಾಗಕ್ಕೆ ಆಧಾರ ಅದೊಂದೇ. ಅದರಲ್ಲಿ ಬರೆದ ಹೆಸರು ಕೊನೆಯವರೆಗೂ ಬರುತ್ತದೆ.

ಹಾಗಂತ ಆಸ್ಪತ್ರೆಯ ಹಾಸಿಗೆಯ ಮೇಲೆ ಗಡಿಬಿಡಿಯಲ್ಲಿ ಹೆಸರು ತೀರ್ಮಾನ ಮಾಡಬೇಕಿಲ್ಲ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರಿನ ಜಾಗ ಖಾಲಿ ಬಿಟ್ಟು ನೋಂದಾಯಿಸಬಹುದು. ಆಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅದು ದಾಟಿದರೆ ಶುಲ್ಕ ಕೊಟ್ಟು 15 ವರ್ಷದವರೆಗೂ ಅವಕಾಶ ಇದೆ. ಈ ವಿಷಯ ಗೊತ್ತಿಲ್ಲದೆ ಮೊದಲ ವಾರವೇ ಏನೋ ಒಂದು ಬರೆಸಿ, ವರ್ಷಗಟ್ಟಲೆ ಕೊರಗುವ ತಾಯಂದಿರು ನನ್ನ ಬಳಿ ಬರುತ್ತಾರೆ.

ಕೊನೆಗೆ ಉಳಿದ ಮೂರು

ತಮ್ಮನ ಹಾಳೆಯಲ್ಲಿ ಗೀಟು ಬೀಳದೆ ಉಳಿದದ್ದು ಇಬ್ಬನಿ, ವರದಾ, ನೀಲಾಂಬರಿ. ಇಬ್ಬನಿ ಬರೆಯಲೂ ಹೇಳಲೂ ಎಲ್ಲದಕ್ಕಿಂತ ಸುಲಭ. ಆದರೆ ನಮ್ಮಮ್ಮ ಒಪ್ಪಲಿಲ್ಲ. "ಬಿಸಿಲು ಬಂದ್ರೆ ಹೋಗಿಬಿಡತ್ತಲ್ಲೋ ಅದು" ಅಂದರು. "ಅಮ್ಮಾ, ಬೆಳಗಾದ್ರೆ ಮತ್ತೆ ಬರತ್ತೆ" ಅಂತ ನಾನು ವಾದ ಮಾಡಿದೆ. ವರದಾ ಚಿಕ್ಕದು, ಅರ್ಥ ಗಟ್ಟಿ, ಆದರೆ ಇಂಗ್ಲಿಷಿನಲ್ಲಿ ಬರೆದರೆ ಹುಡುಗನ ಹೆಸರೋ ಹುಡುಗಿಯದೋ ಗೊತ್ತಾಗುವುದಿಲ್ಲ. ನೀಲಾಂಬರಿ ಉದ್ದ, ಇಂಗ್ಲಿಷಿನಲ್ಲಿ ಹತ್ತು ಅಕ್ಷರ, ಆದರೆ ನೀಲಾ ಅಂತ ಕರೆಯಬಹುದು.

ಯಾರೂ ಏನೂ ತೀರ್ಮಾನ ಹೇಳದೆ, ಒಂದೊಂದು ಹೆಸರಿನಿಂದ ಮಗುವನ್ನು ಮೂರು ಮೂರು ದಿನ ಕರೆದು ನೋಡೋಣ ಅಂದುಕೊಂಡೆವು. ಮೊದಲ ಮೂರು ದಿನ ಇಬ್ಬನಿ, ಆಮೇಲೆ ವರದಾ, ಆಮೇಲೆ ನೀಲಾಂಬರಿ. ಹತ್ತನೇ ದಿನ ಬೆಳಿಗ್ಗೆ ತಮ್ಮನ ದೊಡ್ಡ ಮಗ, ಐದು ವರ್ಷದವನು, ತೊಟ್ಟಿಲ ಹತ್ತಿರ ಹೋಗಿ "ನೀಲಾ ಎದ್ದಿದ್ದಾಳೆ ಅಜ್ಜೀ" ಅಂತ ಕೂಗಿದ. ಅಮ್ಮ ಅಡುಗೆಮನೆಯಿಂದಲೇ "ನೀಲಾಗೆ ಹಸಿವಾಗಿರಬೇಕು, ಬಂದೆ" ಅಂದರು.

ಅವತ್ತೇ ಮಧ್ಯಾಹ್ನ ನಾವು ಒಂದು ಚೀಟಿಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನ ದೊಡ್ಡಕ್ಷರದಲ್ಲೂ ಹೆಸರು ಬರೆದೆವು. 'ನೀ' ದೀರ್ಘ, 'ಲಾ' ದೀರ್ಘ, 'ರಿ' ಹ್ರಸ್ವ. ಇಂಗ್ಲಿಷಿನಲ್ಲಿ ಇ ಎರಡು, ಎ ಎಲ್ಲೂ ಎರಡಿಲ್ಲ. ತಮ್ಮ ಆ ಚೀಟಿ ಹಿಡಿದು ನೋಂದಣಿ ಕಚೇರಿಗೆ ಹೋದ. ಟೈಪ್ ಮಾಡುವವರ ಪಕ್ಕ ನಿಂತು ಒಂದೊಂದೇ ಅಕ್ಷರ ಓದಿ ಹೇಳಿ, ಪರದೆಯ ಮೇಲೆ ಬಂದದ್ದನ್ನು ಚೀಟಿಯ ಜೊತೆ ಎರಡು ಸಲ ಹೋಲಿಸಿ ನೋಡಿದ ಮೇಲೆಯೇ ಸಹಿ ಹಾಕಿದ.